ಬೊಲೆರೊ ಅಂದರೆ ದರ್ಪವೇ? ಸಿಂಧನೂರಿನ ಓದುಗರೊಬ್ಬರಿಗೆ ಉತ್ತರ

ಪ್ರಿಯ ತಂಗಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಿಂದ, ಅಂದರೆ ನಾಲೆ ನೀರಿನ ಬೇಸಾಯಕ್ಕೆ ಬಂದು ನೆಲೆಸಿದವರ ಊರಿನಿಂದ, ಬರೆದಿದ್ದೀರಿ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ನಿಮಗೆ ಯಾಕೆ ನೋವಾಯಿತು ಅನ್ನೋದು ಉಳಿದ ಓದುಗರಿಗೂ ಗೊತ್ತಾಗಬೇಕು.

ಹೋದ ಸಂಚಿಕೆಯಲ್ಲಿ ನಮ್ಮ ಭಾಗದ ಕಾರುಗಳ ಬಗ್ಗೆ ಒಂದು ಲೇಖನ ಹಾಕಿದ್ದೆವು. ಅದರಲ್ಲಿ ಈ ಸಾಲಿತ್ತು: 'ಆಲ್ಟೊ ಅಂದರೆ ಮೇಷ್ಟ್ರು, ಇನ್ನೋವಾ ಅಂದರೆ ಗುತ್ತಿಗೆದಾರ, ಫಾರ್ಚೂನರ್ ಅಂದರೆ ರಾಜಕಾರಣಿ, ಬೊಲೆರೊ ಅಂದರೆ ದರ್ಪ.' ನಿಮ್ಮ ಮನೆಯಲ್ಲಿರುವುದು 2011ರ ಬೊಲೆರೊ. ನಾಲ್ಕು ಎಕರೆ ಭತ್ತದ ಗದ್ದೆಯ ಸಂಸಾರ, ಗಾಡಿ ಕೊಂಡದ್ದೂ ಸೆಕೆಂಡ್ ಹ್ಯಾಂಡ್. ಗೊಬ್ಬರದ ಚೀಲ ಬರುವುದು ಅದರಲ್ಲೇ. ಕ್ಯಾಂಪಿನಲ್ಲಿ ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಎದ್ದು ಗಾಡಿ ತೆಗೆಯುವವರು ನಿಮ್ಮ ತಂದೆಯವರೇ. ಅದಕ್ಕಂತಲೇ ನಿಮ್ಮ ತಾಯಿ ಹಿಂದಿನ ಸೀಟಿನ ಮೇಲೆ ಒಂದು ಹಳೆ ಕೌದಿ ಮಡಿಚಿ ಇಟ್ಟಿರುತ್ತಾರೆ. 'ಬಳ್ಳಾರಿಗೆ ಹೋಗುವಾಗ ಸಿರುಗುಪ್ಪ ದಾಟುವ ಮೊದಲೇ ಆ ಕೌದಿ ಮೇಲೆ ಒಂದು ಕೂಸು ಹುಟ್ಟಿದೆ. ಇದರಲ್ಲಿ ದರ್ಪ ಎಲ್ಲಿದೆ ಸರ್?' ಎಂದು ಕೇಳಿದ್ದೀರಿ.

ಇಲ್ಲ ತಂಗಿ. ಆ ಸಾಲು ತಪ್ಪು. ಅಚ್ಚಿಗೆ ಹೋಗುವ ಮುಂಚೆ ಅದನ್ನು ಓದಿದವನು ನಾನು, ಹೊಡೆದು ಹಾಕಬೇಕಿತ್ತು. ಕ್ಷಮೆ ಕೇಳುತ್ತೇನೆ.

ಆದರೆ ಕ್ಷಮೆ ಕೇಳಿ ಸುಮ್ಮನಾದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಲ್ಲ. ಆ ಮಾತು ಲೇಖಕರ ತಲೆಯಲ್ಲಿ ಹುಟ್ಟಿದ್ದಲ್ಲ. ಬಳ್ಳಾರಿಯ ಚಹಾದಂಗಡಿಯಲ್ಲಿ ನಿಂತರೆ ದಿನಕ್ಕೆ ನಾಲ್ಕು ಸಲ ಕೇಳುತ್ತೀರಿ. ಹಾಗಾದರೆ ಅದು ಎಲ್ಲಿಂದ ಬಂತು?

ಬೊಲೆರೊ ಬಂದದ್ದು 2000ದಲ್ಲಿ. ಅದರ ಮೇಲಿನ ಮಾತು ಅದಕ್ಕಿಂತ ಹಳೆಯದು. ಮಹೀಂದ್ರ ಕಂಪನಿ 1947ರಲ್ಲೇ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಇಲ್ಲಿ ಜೋಡಿಸಲು ಶುರು ಮಾಡಿತು. ಆ ಜೀಪು ಪೊಲೀಸರ ಕೈಗೆ ಹೋಯಿತು, ಅರಣ್ಯ ಇಲಾಖೆಗೆ ಹೋಯಿತು, ತಹಸೀಲ್ದಾರರ ಕಚೇರಿ ಮುಂದೆ ನಿಂತಿತು. ನಾನು ಸಣ್ಣವನಿದ್ದಾಗ ಊರಿಗೆ ಜೀಪು ಬಂತು ಅಂದರೆ ಸರ್ಕಾರ ಬಂತು ಅಂತಲೇ ಲೆಕ್ಕ. ಕಟ್ಟೆ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಆಮೇಲೆ ಅದೇ ಕಂಪನಿಯ ಬೊಲೆರೊ ಬಂತು. ಅದೇ ಚೌಕ ಮೂತಿ, ಅದೇ ಎತ್ತರ, ಎಷ್ಟೋ ಇಲಾಖೆಗಳಲ್ಲಿ ಅದೇ ಜಾಗ. ಚುನಾವಣೆ ಬಂದಾಗ ಬಾವುಟ ಕಟ್ಟಿಕೊಂಡು ಓಡಾಡಿದ್ದೂ ಅದೇ. ಜೀಪಿಗಿದ್ದ ಭಯ ಹೊಸ ಗಾಡಿಗೂ ಅಂಟಿಕೊಂಡಿತು.

ನಿಮ್ಮ ತಂದೆ ಅದನ್ನು ಕೊಂಡದ್ದು ಬೇರೆ ಕಾರಣಕ್ಕೆ. ಏಣಿಯಂಥ ಗಟ್ಟಿ ಚಾಸಿ, ಅಂದರೆ ಗಾಡಿಯ ತಳದ ಚೌಕಟ್ಟು, ಹಿಂದೆ ಲಾರಿಗೆ ಇರುವಂಥ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಎಳೆಯುವುದು ಹಿಂದಿನ ಚಕ್ರ. ಭಾರ ಹೇರಿದಷ್ಟೂ ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿ. ಮಳೆ ಬಿದ್ದ ಮೇಲೆ ಎರೆಮಣ್ಣಿನ ದಾರಿಯಲ್ಲಿ ಸಣ್ಣ ಕಾರು ಹೋಗಲ್ಲ. ಮಣ್ಣು ಟಯರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ತುಂಬಿ, ಚಕ್ರವೇ ತಿರುಗದ ಹಾಗಾಗುತ್ತದೆ. ನಾಲೆ ಏರಿ ಮೇಲೆ ಒಂದು ಸಲ ಸಿಕ್ಕಿಹಾಕಿಕೊಂಡು, ಕಡ್ಡಿಯಿಂದ ಮಣ್ಣು ಕೆತ್ತುತ್ತಾ ಒಂದು ತಾಸು ಕೂತಿದ್ದೇನೆ. ಏಳು ಜನ ಕೂರಬೇಕು, ಹಿಂದಿನ ಎದುರುಬದುರು ಸೀಟು ಮಡಿಚಿದರೆ ಚೀಲ ಹಿಡಿಸಬೇಕು, ಕೆಟ್ಟರೆ ಕಾರಟಗಿಯಲ್ಲೋ ಸಿಂಧನೂರಲ್ಲೋ ಯಾವ ಗ್ಯಾರೇಜಿನಲ್ಲಾದರೂ ಕೈ ಹಚ್ಚುವವರಿರಬೇಕು. ರೈತ ನೋಡುವುದು ಇದನ್ನು.

ಬಳ್ಳಾರಿಯಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಗಣಿ ಜೋರಾಗಿದ್ದ ಕಾಲದಲ್ಲಿ ಇಲ್ಲಿ ಯಾರ ಬಳಿ ಯಾವ ಗಾಡಿ ಅನ್ನೋದೇ ದೊಡ್ಡ ಸುದ್ದಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು, ದೊಡ್ಡ ಕಾರುಗಳು ಒಂದೊಂದಾಗಿ ಮಾರಾಟಕ್ಕೆ ಬಂದವು. ನನಗೆ ಪರಿಚಯದ ಭತ್ತದ ವ್ಯಾಪಾರಿಯೊಬ್ಬರು ಅಂಥದ್ದೊಂದು ಗಾಡಿ ಕೊಂಡರು. ಬಿಳಿ ಬಣ್ಣ, ಒಳಗೆ ಹೊಸದರ ಹಾಗೆ ಹೊಳಪು. ಬಾಗಿಲು ತೆಗೆದು ಅಂಚಿನ ರಬ್ಬರನ್ನು ಬೆರಳಿನಿಂದ ಸರಿಸಿದರೆ ಒಳಗೆ ಕೆಂಪು ಅದಿರಿನ ಧೂಳು, ಕುಂಕುಮದಷ್ಟು ನುಣುಪು. ಎಷ್ಟು ಸಲ ತೊಳೆಸಿದರೂ ಹೋಗಲಿಲ್ಲ. ಆ ಮನುಷ್ಯ ಗಣಿಯ ಮುಖ ನೋಡಿದವರಲ್ಲ. ಆದರೂ ಎರಡು ವರ್ಷ ಅವರು ಹೋದಲ್ಲೆಲ್ಲ 'ಗಣಿ ದುಡ್ಡು' ಅನ್ನೋ ಮಾತು ಕೇಳಿದರು. ಕೊನೆಗೆ ಗಾಡಿಯನ್ನೇ ಮಾರಿಬಿಟ್ಟರು. ಆ ದಿನ ಅವರ ಮುಖ ಹೇಗಿತ್ತು ಅನ್ನೋದು ನನಗೆ ನೆನಪಿದೆ. ನಿಮ್ಮ ಪತ್ರ ಓದುವಾಗ ಅವರೇ ಕಣ್ಣ ಮುಂದೆ ಬಂದರು.

ಇನ್ನೊಂದು ವಿಷಯ. ಮಾರುತಿ ಬಲೆನೊ ಮತ್ತು ಟೊಯೊಟ ಗ್ಲಾಂಜಾ ಬೇರೆ ಬೇರೆ ಕಾರು ಎಂದು ಜನ ಮಾತಾಡುತ್ತಾರೆ, ಅಲ್ವಾ? 2019ರಲ್ಲಿ ಬಂದ ಗ್ಲಾಂಜಾ ಮೂಲದಲ್ಲಿ ಬಲೆನೊನೇ. ಎರಡು ಕಂಪನಿಗಳ ಒಪ್ಪಂದದಲ್ಲಿ ಅದೇ ಕಾರಿಗೆ ಇನ್ನೊಂದು ಲಾಂಛನ ಹಾಕಿದ್ದಾರೆ. ಮಾರುತಿಯ ಎರ್ಟಿಗಾ ಟೊಯೊಟದ ಅಂಗಡಿಗೆ ಹೋಗಿ ರೂಮಿಯನ್ ಆಯಿತು. ಬಿಡದಿಯ ಟೊಯೊಟ ಕಾರ್ಖಾನೆಯ ಇನ್ನೋವಾ ಹೈಕ್ರಾಸ್ 2023ರಲ್ಲಿ ಮಾರುತಿಗೆ ಬಂದು ಇನ್ವಿಕ್ಟೊ ಆಯಿತು. ಆದರೆ ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಗ್ಲಾಂಜಾದಲ್ಲಿ ಬಂದ ಹುಡುಗನ ಬಗ್ಗೆ 'ಟೊಯೊಟ ಐತಿ' ಎಂದು ದನಿ ತಗ್ಗಿಸಿ ಹೇಳುತ್ತಾರೆ. ಬಲೆನೊದಲ್ಲಿ ಬಂದವನಿಗೆ 'ಮಾರುತಿ' ಅಷ್ಟೆ. ಸಂಬಂಧ ಬೆಳೆಸುವಂಥ ದೊಡ್ಡ ವಿಷಯದಲ್ಲೂ ಅಂಗೈಯಗಲದ ಒಂದು ಲಾಂಛನದ ಮಾತು ನಡೆಯುತ್ತದೆ ಅನ್ನೋದು ನನಗೆ ನಿಜಕ್ಕೂ ಬೇಸರದ ಸಂಗತಿ.

ನ್ಯಾನೊ ಕಾರಿಗೆ ಆದದ್ದೂ ಹೀಗೇ. ಗಂಡ ಹೆಂಡತಿ ಮಕ್ಕಳು ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ನೋಡಿ ರತನ್ ಟಾಟಾ ಯೋಚಿಸಿದ ಕಾರು ಅದು. 2009ರಲ್ಲಿ ಒಂದು ಲಕ್ಷದ ಕಾರು ಎಂದು ಹೆಸರಾಗಿ ಬಂತು, ಆ ಹೆಸರೇ ಅದಕ್ಕೆ ಮುಳುವಾಯಿತು. ಅಗ್ಗದ ಕಾರು ಎಂದು ಬಿಂಬಿಸಿದ್ದು ತಪ್ಪಾಯಿತು ಎಂದು ಆಮೇಲೆ ಅವರೇ ಹೇಳಿದರು. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವ ಒಬ್ಬರು ನ್ಯಾನೊದ ಹಿಂದಿನ ಸೀಟಿನ ತುಂಬ ಪ್ಯಾಂಟಿನ ಗಂಟು ಹೇರಿಕೊಂಡು ವಾಷಿಂಗ್ ಘಟಕಕ್ಕೆ ಹೋಗುವುದನ್ನು ಎಷ್ಟೋ ವರ್ಷ ನೋಡಿದ್ದೇನೆ. ಗಂಟು ಮಳೆಯಲ್ಲಿ ನೆನೆಯುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಅಷ್ಟೇ.

ಗಾಡಿ ಏನನ್ನೂ ಹೇಳುವುದೇ ಇಲ್ಲ ಅಂತ ನಾನು ವಾದಿಸಲ್ಲ. ದಾರಿ ಎಂಥದ್ದು, ಕೆಲಸ ಏನು, ತಿಂಗಳ ಕಂತು ಎಷ್ಟು ಕಟ್ಟಬಲ್ಲರು, ಇಷ್ಟನ್ನು ಹೇಳುತ್ತದೆ. ಮೇಷ್ಟ್ರು ಆಲ್ಟೊ ಕೊಳ್ಳುವುದು ಈ ಲೆಕ್ಕದ ಮೇಲೆ. ಸ್ವಭಾವ ಅದರಲ್ಲಿ ಕಾಣಲ್ಲ. ಇದನ್ನು ನಮ್ಮ ಮೆಕ್ಯಾನಿಕ್ ಒಬ್ಬರು ನನಗಿಂತ ಚೆನ್ನಾಗಿ ಹೇಳಿದರು: 'ಗಾಡಿ ನೋಡಿ ಮನುಷ್ಯಾನ್ನ ಹೇಳಾಕ ಬರಂಗಿಲ್ರೀ ಸರ. ಕ್ಲಚ್ ಪ್ಲೇಟ್ ಬಿಚ್ಚಿ ನೋಡಿದ್ರ ಸ್ವಲ್ಪ ಹೇಳಬಹುದು.' ಒರಟಾಗಿ ಓಡಿಸುವವರ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ನಿಮ್ಮ ತಂದೆಯವರ ಗಾಡಿಯಲ್ಲಿ ಹತ್ತು ವರ್ಷದಿಂದ ಒಂದೇ ಕ್ಲಚ್ ಪ್ಲೇಟ್ ಇದೆ ಎಂದು ಬರೆದಿದ್ದೀರಿ. ಬಸುರಿ ಹೆಂಗಸರನ್ನು ಕೂರಿಸಿಕೊಂಡು ಓಡಿಸುವವರ ಕಾಲು ಹಾಗೇ ಇರಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಹದಿನೈದು ವರ್ಷ ತುಂಬುತ್ತಿದೆ, ಚಿಕ್ಕಪ್ಪ 'ಮಾರಿ ಸಣ್ಣ ಕಾರು ತಗೋ' ಎನ್ನುತ್ತಿದ್ದಾರೆ, ಏನು ಮಾಡಲಿ ಎಂದಿದ್ದೀರಿ. ಹದಿನೈದು ವರ್ಷವಾದರೆ ಗುಜರಿಗೆ ಹಾಕಲೇಬೇಕು ಅನ್ನೋದು ನಮ್ಮಲ್ಲಿ ನಿಜವಲ್ಲ. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸಬಾರದೆಂಬ ಆದೇಶ ಬಂದದ್ದು ದೆಹಲಿ ಕಡೆಗೆ. ಇಲ್ಲಿ ಆರ್‌ಟಿಓದಲ್ಲಿ ಗಾಡಿ ತೋರಿಸಿ ಪಾಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿದರೆ ನೋಂದಣಿ ಐದು ವರ್ಷಕ್ಕೆ ಮುಂದುವರಿಯುತ್ತದೆ. ಅವಧಿ ಮುಗಿಯುವ ಮುಂಚೆಯೇ ಅರ್ಜಿ ಹಾಕಿ, ತಡವಾದರೆ ದಂಡ. ಅದಕ್ಕೂ ಮೊದಲು ಗಾಡಿಯನ್ನು ಗ್ಯಾರೇಜಿನ ಗುಂಡಿ ಮೇಲೆ ನಿಲ್ಲಿಸಿ, ಹಿಂದಿನ ಪಾಟಾ ಕೂರುವ ಜಾಗದಲ್ಲಿ ಚಾಸಿಗೆ ತುಕ್ಕು ಹಿಡಿದಿದೆಯಾ ಅಂತ ಸುತ್ತಿಗೆಯಿಂದ ಬಡಿದು ನೋಡಿಸಿ. ಗೊಬ್ಬರದ ಪುಡಿ ಬಿದ್ದ ಕಡೆ ಕಬ್ಬಿಣವನ್ನು ತುಕ್ಕು ಬೇಗ ತಿನ್ನುತ್ತದೆ. ಅಲ್ಲಿ ಗಟ್ಟಿ ಇದ್ದರೆ ಮಾರಬೇಡಿ.

ಮುಂದಿನ ಸಂಚಿಕೆಯಲ್ಲಿ ಆ ಸಾಲಿನ ತಿದ್ದುಪಡಿ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರುತ್ತದೆ. ನಿಮ್ಮ ತಂದೆಯವರು ಒಪ್ಪಿದರೆ ಗಾಡಿಯ ಒಂದು ಫೋಟೊ ಕಳಿಸಿ. ನಂಬರ್ ಪ್ಲೇಟ್ ಬೇಡ. ಹಿಂದಿನ ಬಾಗಿಲು ತೆಗೆದು, ಆ ಕೌದಿ ಕಾಣುವ ಹಾಗೆ ತೆಗೆಯಿರಿ.

ನಿಮ್ಮ,
ಸಂಪಾದಕ
ಬಳ್ಳಾರಿ