ಹಳೆಯ ಕಮಾರೊಗೆ ಕಾರ್ವೆಟ್ಟಿನ ಸಸ್ಪೆನ್ಷನ್ ಕೂರಿಸಬಹುದೇ?

ಪ್ರಶ್ನೆ: ನನ್ನಲ್ಲಿ 1969ರ ಷೆವ್ರೊಲೆ ಕಮಾರೊ ಇದೆ. ನೇರ ರಸ್ತೆಯಲ್ಲಿ ಅದರ ಓಟಕ್ಕೆ ಸಾಟಿಯಿಲ್ಲ. ತಿರುವು ಬಂತೆಂದರೆ ಮಾತ್ರ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಗೇ ಸರಿಯುತ್ತದೆ. ಅಪಘಾತಕ್ಕೀಡಾದ ಸಿ5 (ಐದನೇ ಪೀಳಿಗೆಯ) ಷೆವ್ರೊಲೆ ಕಾರ್ವೆಟ್ ಒಂದು ಬಿಡಿಭಾಗಗಳಿಗಾಗಿ ಸಿಗುವಂತಿದೆ. ಅದರ ಹಿಂದಿನ, ಮುಂದಿನ ಸಸ್ಪೆನ್ಷನ್‌ಗಳನ್ನು ಇಡಿಯಾಗಿ ನನ್ನ ಕಾರಿಗೆ ಕೂರಿಸಬಹುದೇ?

ಉತ್ತರ: ಮುಂಭಾಗಕ್ಕೆ ಕೂರಿಸಬಹುದು, ಶ್ರಮವೂ ಸಾರ್ಥಕವಾಗುತ್ತದೆ. ಹಿಂಭಾಗಕ್ಕೆ ಬೇಡವೆಂದೇ ನಮ್ಮ ಸಲಹೆ.

ಮೊದಲು ತೊಂದರೆಯ ಮೂಲವನ್ನು ನೋಡೋಣ. ನಿಮ್ಮ ಪೀಳಿಗೆಯ ಕಮಾರೊದಲ್ಲಿ ಮುಂಚಕ್ರದ ನಕಲ್ (ಹಬ್ಬನ್ನು ಹೊತ್ತು ಮೇಲಿನ, ಕೆಳಗಿನ ಆರ್ಮುಗಳಿಗೆ ಸೇರುವ ಲೋಹದ ಭಾಗ) ಗಿಡ್ಡ. ಚಕ್ರವನ್ನು ಚಾಸಿಸ್ಸಿಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮಿನ ಓರೆಯೂ ಈಗಿನ ರೇಡಿಯಲ್ ಟೈರುಗಳಿಗೆ ಒಪ್ಪುವಂಥದ್ದಲ್ಲ. ಕಾರು ವಾಲಿ ಹೊರಬದಿಯ ಸ್ಪ್ರಿಂಗ್ ಅದುಮಿಕೊಂಡಾಗ ಆ ಚಕ್ರದ ನೆತ್ತಿ ದೇಹದ ಕಡೆಗೆ ಬಾಗಬೇಕು. ಇಲ್ಲಿ ಅದು ಹೊರಕ್ಕೆ ಬಾಗುವುದರಿಂದ ಟೈರಿನ ಹೊರ ಅಂಚೇ ಬಹುಪಾಲು ಭಾರ ಹೊರುತ್ತದೆ, ಹಿಡಿತ ತಪ್ಪುತ್ತದೆ. 1997ರಿಂದ 2004ರವರೆಗೆ ತಯಾರಾದ ಸಿ5 ಕಾರ್ವೆಟ್ಟಿನಲ್ಲಿ ಮೇಲಿನ ಆರ್ಮ್ ಕೆಳಗಿನದಕ್ಕಿಂತ ಗಿಡ್ಡವಾಗಿದ್ದು, ಚಕ್ರ ಮೇಲೇರಿದಂತೆಲ್ಲ ಟೈರು ನೆಲಕ್ಕೆ ಸಮನಾಗಿ ಕೂರುವಂತೆ ಜೋಡಣೆಯಾಗಿದೆ.

ಆದರೆ ಈ ಗುಣ ಆರ್ಮ್‌ಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಅವು ಚಾಸಿಸ್‌ಗೆ ಸೇರುವ ಬಿಂದುಗಳ ಎತ್ತರ, ಅಂತರ ಮತ್ತು ಓರೆಗಳಲ್ಲಿದೆ. ಆದ್ದರಿಂದ ಕಾರ್ವೆಟ್ಟಿನ ಒಂದು ಬೋಲ್ಟನ್ನೂ ಸಡಿಲಿಸುವ ಮೊದಲು ಅದನ್ನು ಸಮತಟ್ಟಾದ ನೆಲದ ಮೇಲೆ ಅದರ ಸಹಜ ಎತ್ತರದಲ್ಲಿ ನಿಲ್ಲಿಸಿ, ಪ್ರತಿ ಬಿಂದುವಿನಿಂದಲೂ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ನೆಲದಿಂದ ಎತ್ತರವನ್ನೂ ಬರೆದುಕೊಳ್ಳಿ. ಅಪಘಾತದಲ್ಲಿ ಒಂದು ಬದಿ ಜಖಂಗೊಂಡಿದ್ದರೆ ಸರಿಯಿರುವ ಬದಿಯನ್ನೇ ನಂಬಿ. ಪೆಟ್ಟು ಬಿದ್ದ ಬದಿಯ ಆರ್ಮ್‌ಗಳನ್ನು ನೋಡಲು ಚೆನ್ನಾಗಿವೆಯೆಂದು ಇಟ್ಟುಕೊಳ್ಳಬೇಡಿ. ಅವು ಅಲ್ಯುಮಿನಿಯಂನವು, ಕಾಯಿಸಿ ನೆಟ್ಟಗೆ ಮಾಡುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಸಲ್ಲದು.

ನಿಮ್ಮ ಕಾರಿನಲ್ಲಿ ಎಂಜಿನ್ನನ್ನೂ ಸಸ್ಪೆನ್ಷನ್ನನ್ನೂ ಹೊರುವ ಮುಂದಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್ ದೇಹಕ್ಕೆ ಬೋಲ್ಟ್‌ಗಳಿಂದ ಸೇರಿರುವುದು ದೊಡ್ಡ ಅನುಕೂಲ. ದೇಹವನ್ನು ಕತ್ತರಿಸದೆಯೇ, ಕಾರ್ವೆಟ್ಟಿನ ಬಿಂದುಗಳಿಗೆ ತಕ್ಕಂತೆ ಕಟ್ಟಿದ ಹೊಸ ಸಬ್‌ಫ್ರೇಮನ್ನು ಅದೇ ಜಾಗಕ್ಕೆ ಬಿಗಿಯಬಹುದು. ಅಗಲದ ಲೆಕ್ಕ ಮಾತ್ರ ಎಚ್ಚರ ಬೇಡುತ್ತದೆ: ಸಿ5ರ ಎಡ-ಬಲ ಚಕ್ರಗಳ ನಡುವಿನ ಅಂತರ ಸುಮಾರು 62 ಇಂಚು, ನಿಮ್ಮ ಕಾರಿನದು 60 ಇಂಚಿಗಿಂತ ತುಸು ಕಡಿಮೆ. ಎರಡರ ಚಕ್ರಗಳಿಗೂ 4.75 ಇಂಚಿನ ವೃತ್ತದಲ್ಲಿ ಐದೇ ಬೋಲ್ಟ್ ಇರುವುದರಿಂದ ಹಳೆಯ ರಿಮ್ ಹಬ್‌ಗೆ ಸರಾಗವಾಗಿ ಕೂರುತ್ತದೆ, ಆದರೆ ಮಡ್‌ಗಾರ್ಡಿನ ಆಚೆಗೆ ಚಾಚಿಕೊಳ್ಳುತ್ತದೆ; ಕಾರ್ವೆಟ್ಟಿನ ರಿಮ್‌ಗಳಂತೆ ಹೆಚ್ಚಿನ ಆಫ್‌ಸೆಟ್ ಇರುವವೇ (ಹಬ್ಬಿಗೆ ಕೂರುವ ಮುಖ ಹೊರಬದಿಗೆ ಸರಿದಿರುವುದರಿಂದ ಚಕ್ರ ಒಳಗೆ ಕೂರುವಂಥವೇ) ಬೇಕು. ಅಗಲ ತಗ್ಗಿಸಲು ಎರಡೂ ಬದಿಯ ಬಿಂದುಗಳನ್ನು ಒಳಕ್ಕೆ ತಂದರೆ ಸ್ಟೇರಿಂಗ್ ರ್‍ಯಾಕ್ (ಸ್ಟೇರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸಲಾಕೆ) ಕೂಡ ಅಷ್ಟೇ ಗಿಡ್ಡವಾಗಬೇಕು. ಇದನ್ನು ಮರೆಯುವವರೇ ಹೆಚ್ಚು.

ಕಮಾರೊದ ಸ್ಟೇರಿಂಗ್ ಜೋಡಣೆ ಮುಂಚಕ್ರಗಳ ಅಚ್ಚಿನ ಹಿಂದಿದೆ, ಕಾರ್ವೆಟ್ಟಿನ ರ್‍ಯಾಕ್ ಮುಂದಿದೆ. ಆದ್ದರಿಂದ ಎಂಜಿನ್ನಿನ ಸಂಪ್ (ಕೆಳಗಿನ ಎಣ್ಣೆ ತೊಟ್ಟಿ) ಮತ್ತು ರೇಡಿಯೇಟರುಗಳಿಗೆ ಉಳಿಯುವ ಜಾಗವನ್ನು ಮೊದಲೇ ಅಳೆಯಿರಿ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಸಾಗುವ ಕಂಸ ಆರ್ಮ್‌ಗಳ ಕಂಸಕ್ಕೆ ಹೊಂದದಿದ್ದರೆ, ಪ್ರತಿ ಉಬ್ಬಿಗೂ ಚಕ್ರ ತಾನಾಗಿಯೇ ತಿರುಗಿಕೊಳ್ಳುತ್ತದೆ. ರ್‍ಯಾಕ್ ಕೆಲವೇ ಮಿಲಿಮೀಟರ್ ಮೇಲೆ ಕೆಳಗೆ ಕೂತರೂ ಸಾಕು, ಈ ದೋಷ ಕೈಗೆ ತಿಳಿಯುತ್ತದೆ. ಸ್ಪ್ರಿಂಗ್ ತೆಗೆದಿಟ್ಟು, ಹಬ್‌ಗೆ ಚಪ್ಪಟೆ ಹಲಗೆಯೊಂದನ್ನು ಬಿಗಿದು, ಅದರ ಮುಂದಿನ, ಹಿಂದಿನ ಅಂಚುಗಳಿಗೆ ತಲಾ ಒಂದು ಡಯಲ್ ಗೇಜ್ ತಾಗಿಸಿ, ಜಾಕ್‌ನಿಂದ 25 ಮಿ.ಮೀ.ನಂತೆ ಎತ್ತುತ್ತಾ ಇಳಿಸುತ್ತಾ ಎರಡು ಗೇಜ್‌ಗಳ ವ್ಯತ್ಯಾಸ ಗುರುತಿಸಿ. ಅಂತಿಮ ವೆಲ್ಡಿಂಗ್ ಈ ಪರೀಕ್ಷೆಯ ನಂತರವೇ ಆಗಲಿ.

ಕಾರ್ವೆಟ್ಟಿನ ಅಡ್ಡ ಪಟ್ಟೆ ಸ್ಪ್ರಿಂಗಿನ ಬದಲು, ಶಾಕ್ ಅಬ್ಸಾರ್ಬರಿನ ಸುತ್ತಲೇ ಸುರುಳಿ ಸ್ಪ್ರಿಂಗ್ ಇರುವ ಕಾಯಿಲ್‌ಓವರ್ ಬಳಸುವಿರಾದರೆ, ಶಾಕ್ ಅಬ್ಸಾರ್ಬರಿನ ಮೇಲ್ತುದಿ ಈಗ ಕಾರಿನ ಭಾರವನ್ನೂ ಹೊರುವುದರಿಂದ ಅಲ್ಲಿನ ಬ್ರಾಕೆಟ್ ಗಟ್ಟಿಯಾಗಿರಬೇಕು. ಸ್ಪ್ರಿಂಗಿನ ಬಿಗುವನ್ನು ಚಲನಾನುಪಾತದ (ಚಕ್ರ ಒಂದು ಇಂಚು ಏರಿದಾಗ ಸ್ಪ್ರಿಂಗ್ ಎಷ್ಟು ಇಂಚು ಅದುಮಿಕೊಳ್ಳುತ್ತದೆ ಎಂಬುದರ) ವರ್ಗದಿಂದ ಗುಣಿಸಿದಾಗ ಚಕ್ರದ ಬಳಿಯ ಬಿಗುವು ಸಿಗುತ್ತದೆ: ಅನುಪಾತ 0.7 ಇದ್ದರೆ ಚಕ್ರಕ್ಕೆ ತಲಪುವುದು ಅರ್ಧಕ್ಕೂ ತುಸು ಕಡಿಮೆ.

ಇನ್ನು ಹಿಂಭಾಗ. ಸಿ5ರಲ್ಲಿ ಗೇರ್‌ಬಾಕ್ಸ್ ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡು ಹಿಂದಿದೆ, ನಿಮ್ಮ ಕಾರಿನಲ್ಲಿ ಎಂಜಿನ್ನಿನ ಬೆನ್ನಿಗಿದೆ. ಆ ಸಸ್ಪೆನ್ಷನ್ ಬೇಕೆಂದರೆ ಬೇರೆ ಡಿಫರೆನ್ಷಿಯಲ್ ಹುಡುಕಿ, ಅದನ್ನು ಹೊರುವ ಚೌಕಟ್ಟು (ಕ್ರೇಡಲ್) ಕಟ್ಟಿ, ಹಿಂದಿನ ನೆಲಹಾಸಿನ ತಗಡನ್ನು ಕೊಯ್ಯಬೇಕು. ಅಷ್ಟು ಪಾಡು ಯಾಕೆ? 1968 ಮತ್ತು 1969ರಲ್ಲಿ ಟ್ರಾನ್ಸ್-ಆಮ್ ಕಾರ್ ರೇಸ್ ಸರಣಿಯ ತಯಾರಕರ ಪ್ರಶಸ್ತಿಯನ್ನು ಷೆವ್ರೊಲೆಗೆ ತಂದುಕೊಟ್ಟ, ಮಾರ್ಕ್ ಡೊನೊಹ್ಯೂ ಓಡಿಸಿದ ಪೆನ್ಸ್ಕೆ ತಂಡದ ಕಮಾರೊಗಳಿಗೆ ಹಿಂದೆ ಇದ್ದದ್ದು ಇಡಿಯಾದ ಆಕ್ಸಲ್ ಮತ್ತು ಪಟ್ಟೆ ಸ್ಪ್ರಿಂಗ್. ಆಕ್ಸಲನ್ನು ಉಳಿಸಿಕೊಂಡು, ಮೂರು ಲಿಂಕ್‌ಗಳ ಜೊತೆ, ಆಕ್ಸಲ್ ಅಕ್ಕಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಹಾಕಿಸಿ. ಮುಂದಿನ ಸಬ್‌ಫ್ರೇಮನ್ನು ಹಿಂದಿನ ಚೌಕಟ್ಟಿಗೆ ಜೋಡಿಸುವ ಕನೆಕ್ಟರುಗಳನ್ನೂ ಸೇರಿಸಿ.

ಪ್ರಶ್ನೆ: ಕಾರ್ವೆಟ್ಟಿನ ಡಿಸ್ಕ್ ಬ್ರೇಕುಗಳಿಗೆ ನಾಲ್ಕೂ ಡ್ರಮ್ ಇದ್ದ ಕಾಲದ ಮಾಸ್ಟರ್ ಸಿಲಿಂಡರ್ ಸಾಕೇ?

ಉತ್ತರ: ಸಾಲದು. ಡ್ರಮ್ ಬ್ರೇಕಿನ ಸಿಲಿಂಡರಿನಲ್ಲಿ ಕೊಳವೆಯೊಳಗೆ ತುಸು ಒತ್ತಡ ಉಳಿಸುವ ಕವಾಟವಿರುತ್ತದೆ. ಅದು ಹಾಗೇ ಉಳಿದರೆ ಪೆಡಲ್ ಬಿಟ್ಟ ಮೇಲೂ ಪ್ಯಾಡುಗಳು ಡಿಸ್ಕಿಗೆ ಉಜ್ಜುತ್ತಲೇ ಇರುತ್ತವೆ. ಡಿಸ್ಕ್ ಬ್ರೇಕಿಗೆಂದೇ ಮಾಡಿದ ಸಿಲಿಂಡರನ್ನೂ, ಹಿಂಚಕ್ರಗಳ ಒತ್ತಡ ತಗ್ಗಿಸಲು ಬರುವ ಪ್ರಪೋರ್ಷನಿಂಗ್ ವಾಲ್ವನ್ನೂ ಹಾಕಿಸಿ.