ಓದುಗರ ಪ್ರಶ್ನೆ: ಶಿಕ್ಷಣ ತಂತ್ರಜ್ಞಾನದ ಸಂಶೋಧನೆಯಲ್ಲಿ ಏನನ್ನು ಅಳೆಯಬೇಕು?

ಪ್ರಶ್ನೆ: ಶಿಕ್ಷಣ ತಂತ್ರಜ್ಞಾನದಲ್ಲಿ ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದೇನೆ. ‘ಗಣಿತ ಕಲಿಕೆಯ ಮೇಲೆ ಚಾಟ್‌ಬಾಟ್‌ನ ಪರಿಣಾಮ’ ಎಂದಿಟ್ಟುಕೊಂಡರೆ ಆದೀತೇ?
(ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಕ್ಷೇತ್ರ ಸರಿ, ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ. ಕಲಿಸುವುದು ಬೋಧನಾ ವಿಧಾನವೇ ಹೊರತು ಮಾಧ್ಯಮವಲ್ಲ (ಅಂದರೆ ಕಂಪ್ಯೂಟರ್, ಟಿ.ವಿ.ಯಂಥ ಸಾಧನವಲ್ಲ) ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲೇ ವಾದಿಸಿದ್ದರು. ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ಇದನ್ನು ಒಪ್ಪಲಿಲ್ಲ. ಎರಡನ್ನೂ ಬೇರ್ಪಡಿಸಿ ನೋಡಲಾಗದು ಎಂದರು. ಮೊದಲು ಈ ಇಬ್ಬರನ್ನೂ ಓದಿ. ಆಮೇಲೆ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪೆರುವಿನ ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದರಂತೆ ಲ್ಯಾಪ್‌ಟಾಪ್ ಕೊಟ್ಟು ಸುಮಾರು 15 ತಿಂಗಳ ಬಳಿಕ ಅಳೆದಾಗ ಗಣಿತ, ಭಾಷೆಗಳ ಅಂಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶ ಮಗುವಿನ ಈಗಿನ ಮಟ್ಟ ಗುರುತಿಸಿ ಅಲ್ಲಿಂದಲೇ ಅಭ್ಯಾಸ ಕೊಟ್ಟಿತು. ಜೊತೆಗೆ ಸಣ್ಣ ಗುಂಪಿಗೆ ಸಹಾಯಕರ ಪಾಠವೂ ಇತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತದ ಅಂಕ, ಈ ಅವಕಾಶ ಸಿಗದ ಮಕ್ಕಳಿಗೆ ಹೋಲಿಸಿದರೆ, 0.37 ಮಾನಕ ವಿಚಲನೆಯಷ್ಟು ಏರಿತು (ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ). ಎರಡೂ ಕಡೆ ಕಂಪ್ಯೂಟರ್ ಇತ್ತು, ಅದರಲ್ಲಿ ನಡೆದ ಕೆಲಸ ಬೇರೆ.

ಚಾಟ್‌ಬಾಟ್ ವಿಷಯದಲ್ಲೂ ಹೀಗೇ. ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗವನ್ನು ನೀವು ಓದಲೇಬೇಕು. ಸಾದಾ ಚಾಟ್‌ಬಾಟ್ ಹಿಡಿದು ಅಭ್ಯಾಸ ಮಾಡಿದವರ ಅಭ್ಯಾಸದ ಅಂಕ ಶೇ 48ರಷ್ಟು ಏರಿತು. ಅದನ್ನು ಪಕ್ಕಕ್ಕಿಟ್ಟು ಪರೀಕ್ಷೆ ಬರೆಸಿದಾಗ, ಅದನ್ನು ಮುಟ್ಟದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಚಾಟ್‌ಬಾಟ್‌ನಿಂದ ಅಭ್ಯಾಸದ ಅಂಕ ಶೇ 127ರಷ್ಟು ಏರಿತು, ಪರೀಕ್ಷೆಯ ಹಾನಿ ಬಹುಮಟ್ಟಿಗೆ ತಪ್ಪಿತು. ಆದರೆ ಪರೀಕ್ಷೆಯಲ್ಲಿ ಲಾಭವೂ ಕಾಣಲಿಲ್ಲ. ನಿಮಗೆ ಕೆಲಸ ಉಳಿದಿರುವುದು ಇಲ್ಲೇ. ಪ್ರಶ್ನೆಯನ್ನು ಹೀಗೆ ಕಿರಿದು ಮಾಡಿ: ‘ಸಮೀಕರಣ ಬಿಡಿಸುವಾಗ ಕೇಳಿದ ಕೂಡಲೇ ಸುಳಿವು ಕೊಡುವುದು, ಎರಡು ಸಲ ಪ್ರಯತ್ನಿಸಿದ ಮೇಲಷ್ಟೇ ಕೊಡುವುದು: ಇವೆರಡರಲ್ಲಿ ಯಾವುದರಿಂದ ಕಲಿತದ್ದು ಮೂರು ವಾರದ ಬಳಿಕ, ಚಾಟ್‌ಬಾಟ್ ನೆರವಿಲ್ಲದೆ, ಹೆಚ್ಚು ಉಳಿಯುತ್ತದೆ?’

ಚಾಟ್‌ಬಾಟ್‌ನ ಹೆಸರು, ಆವೃತ್ತಿ, ಬಳಸಿದ ದಿನಾಂಕ, ಕೊಟ್ಟ ಪೂರ್ಣ ಸೂಚನೆಗಳನ್ನು ದಾಖಲಿಸಿ. ಅಧ್ಯಯನದ ನಡುವೆಯೇ ಆವೃತ್ತಿ ಬದಲಾದರೆ ಮೊದಲ ತಿಂಗಳ ಮಕ್ಕಳು ಬಳಸಿದ್ದೇ ಒಂದು, ಕೊನೆಯವರು ಬಳಸಿದ್ದೇ ಇನ್ನೊಂದು ಆಗಿಬಿಡುತ್ತದೆ.

ಪ್ರಶ್ನೆ: ‘ಎ’ ವಿಭಾಗಕ್ಕೆ ಆ್ಯಪ್, ‘ಬಿ’ ವಿಭಾಗಕ್ಕೆ ಎಂದಿನ ಪಾಠ. ತಲಾ 40 ಮಕ್ಕಳು, ಎರಡು ವಾರ. ಆ್ಯಪ್‌ನ ಪ್ರಯೋಜನ ತಿಳಿಯಲು ಇಷ್ಟು ಸಾಕೇ?
(ಪ್ರೌಢಶಾಲಾ ಶಿಕ್ಷಕರು)

ಉತ್ತರ: ಸಾಲದು. ಮಕ್ಕಳು 80 ಇದ್ದರೂ ಹೋಲಿಕೆ ನಡೆಯುವುದು ಎರಡು ವಿಭಾಗಗಳ ನಡುವೆ. ಶಿಕ್ಷಕರು ಬೇರೆ, ಪೀರಿಯಡ್ ಬೇರೆ ಆಗಿದ್ದರೆ ಅವೆಲ್ಲವೂ ಆ್ಯಪ್‌ನ ಲೆಕ್ಕಕ್ಕೇ ಸೇರಿಹೋಗುತ್ತವೆ. ವಿಭಾಗಗಳನ್ನು ಹೆಚ್ಚಿಸಿದರೂ ಎಚ್ಚರ ಬೇಕು. ಒಂದೇ ತರಗತಿಯ ಮಕ್ಕಳ ಅಂಕಗಳು ಒಂದಕ್ಕೊಂದು ಹೋಲುವ ಮಟ್ಟ, ಅಂದರೆ ಸಹಸಂಬಂಧ, 0.2 ಎಂದಿಟ್ಟುಕೊಳ್ಳಿ. ಆಗ 1 + (40 − 1) × 0.2 = 8.8. ಮಕ್ಕಳ ಸಂಖ್ಯೆಯನ್ನು ಇದರಿಂದ ಭಾಗಿಸಬೇಕು. ಹತ್ತು ವಿಭಾಗಗಳ 400 ಮಕ್ಕಳಿಂದ ಸಿಗುವ ಮಾಹಿತಿ, ಬಿಡಿಬಿಡಿಯಾಗಿ ಆರಿಸಿದ ಸುಮಾರು 45 ಮಕ್ಕಳಿಂದ ಸಿಗುವಷ್ಟೇ.

ಇದಕ್ಕಿಂತ ಒಂದೇ ವಿಭಾಗದೊಳಗೆ ಪ್ರಯೋಗ ಮಾಡುವುದು ಮೇಲು. ಪೂರ್ವಪರೀಕ್ಷೆ ನಡೆಸಿ, ಸಮಾನ ಅಂಕ ಪಡೆದವರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಚೀಟಿ ಎತ್ತಿ ಗುಂಪು ನಿರ್ಧರಿಸಿ. ಇಬ್ಬರಿಗೂ ಅದೇ ಆ್ಯಪ್, ಅವೇ ಲೆಕ್ಕಗಳು, ಅಷ್ಟೇ ಸಮಯ. ಸುಳಿವು ಯಾವಾಗ ಸಿಗುತ್ತದೆ ಎಂಬಂಥ ಒಂದು ಅಂಶ ಮಾತ್ರ ಬೇರೆ ಇರಲಿ. ಹೊಸತರ ಹುರುಪು ಇಳಿಯಬೇಕಾದ್ದರಿಂದ ಆರರಿಂದ ಎಂಟು ವಾರವಾದರೂ ನಡೆಸಿ. ಪೂರ್ವಪರೀಕ್ಷೆಯ ಸರಾಸರಿಯೇ ಶೇ 85 ಬಂದರೆ ಪ್ರಶ್ನೆಪತ್ರಿಕೆ ಬದಲಿಸಿ, ಏರಲು ಜಾಗವೇ ಉಳಿದಿರುವುದಿಲ್ಲ. ನಡುವೆ ಆ್ಯಪ್ ಬಿಟ್ಟವರನ್ನೂ ಅವರ ಗುಂಪಿನಲ್ಲೇ ಎಣಿಸಿ. ಕೈಬಿಡುವವರು ಹೆಚ್ಚಾಗಿ ಹಿಂದುಳಿದವರು, ಅವರನ್ನು ತೆಗೆದರೆ ಫಲಿತಾಂಶ ಸುಳ್ಳಾಗುತ್ತದೆ.

ಕೊನೆಯ ಪರೀಕ್ಷೆ ಎರಡು ಸಲ ಇರಲಿ: ಮುಗಿದ ಕೂಡಲೇ ಒಂದು, ಮೂರು-ನಾಲ್ಕು ವಾರ ಬಿಟ್ಟು ಇನ್ನೊಂದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರದ ಬಳಿಕ, ಓದಿದ್ದನ್ನು ನೋಡದೆ ನೆನಪಿಸಿ ಬರೆದವರಿಗೆ ಶೇ 56ರಷ್ಟು, ಮತ್ತೆ ಓದಿದವರಿಗೆ ಶೇ 42ರಷ್ಟು ನೆನಪಿತ್ತು. ತಕ್ಷಣದ ಪರೀಕ್ಷೆಯನ್ನೇ ನಂಬಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು.

ಪ್ರಶ್ನೆ: ಪಾಠದ ವಿಡಿಯೊ ಎಷ್ಟು ಉದ್ದ ಇರಬೇಕು?

ಉತ್ತರ: ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ನೋಡಿದ ಮಧ್ಯಾಂಕ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ) ಅವಧಿ ಆರು ನಿಮಿಷ ದಾಟಲಿಲ್ಲ. ಇದು ನೋಡಿದ ಅಳತೆ, ಕಲಿತದ್ದರ ಅಳತೆಯಲ್ಲ. ಆದ್ದರಿಂದ ವಿಡಿಯೊ ತುಂಡು ಮಾಡಿದರಷ್ಟೇ ಸಾಲದು, ತುಂಡುಗಳ ನಡುವೆ ನೆನಪಿಸಿ ಉತ್ತರಿಸುವ ಪ್ರಶ್ನೆಯೊಂದನ್ನು ಇಡಿ.

ಪ್ರಶ್ನೆ: ತಮ್ಮ ತಂತ್ರಾಂಶದಿಂದ ‘ಎರಡು ಸಿಗ್ಮಾ’ ಪ್ರಗತಿ ಸಾಧ್ಯ ಎಂದು ಮಾರಾಟಗಾರರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಆ ಮಾತು ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಅವರ 1984ರ ಲೇಖನದ್ದು. ಒಬ್ಬೊಬ್ಬರಿಗೇ ಕಲಿಸಿದರೆ ಸಾಮಾನ್ಯ ತರಗತಿಗಿಂತ ಎರಡು ಮಾನಕ ವಿಚಲನೆಯಷ್ಟು (ಸಿಗ್ಮಾ ಎಂದರೆ ಇದೇ) ಲಾಭ ಎಂದಿದ್ದರು. ಅಲ್ಲಿ ಕಲಿಸಿದ್ದು ಮನುಷ್ಯರು, ತಂತ್ರಾಂಶವಲ್ಲ. 2011ರಲ್ಲಿ ಸಂಶೋಧಕ ಕರ್ಟ್ ವ್ಯಾನ್‌ಲೆನ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮನುಷ್ಯ ಬೋಧಕರಿಂದ 0.79, ಹಂತಹಂತವಾಗಿ ತಿದ್ದುವ ಬೋಧಕ ತಂತ್ರಾಂಶಗಳಿಂದ 0.76 ಮಾನಕ ವಿಚಲನೆಯಷ್ಟು ಲಾಭ ಬಂತು. ಇದೂ ದೊಡ್ಡ ಲಾಭವೇ. ಕೊಳ್ಳುವ ಮುನ್ನ ಮೂರು ವಿಷಯ ಕೇಳಿ: ಹೋಲಿಸಿದ್ದು ಯಾವುದರ ಜೊತೆ, ಪರೀಕ್ಷೆಯ ಪ್ರಶ್ನೆಗಳನ್ನು ತಯಾರಿಸಿದ್ದು ಯಾರು, ಪರೀಕ್ಷೆ ಬರೆಯುವಾಗ ತಂತ್ರಾಂಶ ಮಕ್ಕಳ ಕೈಯಲ್ಲಿತ್ತೇ. ಪ್ರಶ್ನೆಗಳನ್ನು ತಯಾರಕರೇ ಬರೆದಿದ್ದರೆ ಹೊರಗಿನವರು ತಯಾರಿಸಿದ ಪರೀಕ್ಷೆಯ ಅಂಕವನ್ನೂ ತೋರಿಸಿ ಎನ್ನಿ.