ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂತಿರುಗಬಾರದೇಕೆ?

ಬಾರಾಮತಿಯಲ್ಲಿ ವಿಮಾನ ಹಾರಾಟ ಕಲಿಯುತ್ತಿರುವ ಮಗಳಿಗೆ, ಎಂಜಿನ್ ನಿಂತರೆ ನೇರ ಮುಂದಕ್ಕೇ ಇಳಿಸಬೇಕೆಂದು ಹೇಳಿಕೊಟ್ಟಿದ್ದಾರೆ, ಹಿಂದೆಯೇ ರನ್‌ವೇ ಇದ್ದರೂ ಹೀಗೇಕೆ ಎಂದು ಡೊಂಬಿವಲಿಯಿಂದ ಕೇಳಿದ್ದೀರಿ. ನಿಮ್ಮ ಆತಂಕ ಸಹಜವಾದದ್ದೇ, ಆದರೆ ಆ ಪಾಠ ಸರಿಯಾಗಿದೆ.

ಮುಖ್ಯ ಕಾರಣ ಎತ್ತರದ ಕೊರತೆ. ಸೆಸ್ನಾ 172ರಂತಹ ಒಂದೇ ಎಂಜಿನ್ನಿನ ಸಣ್ಣ ವಿಮಾನ ಎಂಜಿನ್ ಬಲವಿಲ್ಲದೆ ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ ತೇಲುವಾಗ ನಿಮಿಷಕ್ಕೆ 700 ಅಡಿಯಷ್ಟು ಕೆಳಗಿಳಿಯುತ್ತದೆ. ಸೆಕೆಂಡಿಗೆ 3 ಡಿಗ್ರಿಯ ಸಾಮಾನ್ಯ ತಿರುವಿನಲ್ಲಿ ಅರ್ಧ ಸುತ್ತಿಗೇ ಒಂದು ನಿಮಿಷ ಬೇಕಾಗುತ್ತದೆ, ಅಷ್ಟಾದರೂ ವಿಮಾನ ರನ್‌ವೇಯ ಪಕ್ಕಕ್ಕಿರುತ್ತದೆಯೇ ಹೊರತು ಅದರ ನೇರಕ್ಕೆ ಬಂದಿರುವುದಿಲ್ಲ. ಆದ್ದರಿಂದ 500 ಅಡಿಯಲ್ಲಿ ಈ ಲೆಕ್ಕ ಕೂಡುವುದೇ ಇಲ್ಲ.

ಬೇಗ ತಿರುಗಿಸಲೆಂದು ರೆಕ್ಕೆಯನ್ನು 45 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ವೇಗ, ಸುಮಾರು ಶೇ. 19ರಷ್ಟು ಏರುತ್ತದೆ. ನೆಲ ಹತ್ತಿರವಾಗುತ್ತಿದೆಯೆಂಬ ಭಯದಲ್ಲಿ ಮೂತಿಯನ್ನು ಮೇಲಕ್ಕೆಳೆದರೆ ವಿಮಾನ ಗಿರಕಿ ಹೊಡೆಯುತ್ತಾ ಬೀಳಬಹುದು, ಮತ್ತು ಜೀವಹಾನಿಗೆ ಹೆಚ್ಚಾಗಿ ಕಾರಣವಾಗುವುದು ಇದೇ ಎಂಬುದನ್ನು ಒತ್ತಿ ಹೇಳಬೇಕು. ಹತೋಟಿಯಲ್ಲಿರುವ ವಿಮಾನ ಕಡಿಮೆ ವೇಗದಲ್ಲಿ ಹೊಲಕ್ಕಿಳಿದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು.

ಹೀಗಾಗಿ ಮೊದಲು ಮೂತಿ ತಗ್ಗಿಸಿ ವೇಗ ಕಾಯ್ದುಕೊಳ್ಳಬೇಕು, ಬಳಿಕ ಎದುರಿನ ಎಡಬಲಗಳಲ್ಲಿ ಜಾಗ ಆರಿಸಬೇಕು, ಸಮಯವಿದ್ದರೆ ಇಂಧನ ನಿಲ್ಲಿಸಿ ಬಾಗಿಲಿನ ಚಿಲಕ ಸಡಿಲಿಸಬೇಕು. ಮುಂಬಯಿಯ ಜುಹು ವಿಮಾನ ನಿಲ್ದಾಣದಿಂದ ಪಶ್ಚಿಮಕ್ಕೆ ಏರಿದರೆ ಮುಂದೆ ಸಮುದ್ರ, ಪೂರ್ವಕ್ಕಾದರೆ ಒತ್ತೊತ್ತಾದ ಕಟ್ಟಡಗಳು. ಆದ್ದರಿಂದ ಎಲ್ಲಿ ಇಳಿಸುವುದೆಂಬುದನ್ನು ಪೈಲಟ್ ಹೊರಡುವ ಮುನ್ನವೇ ನಿರ್ಧರಿಸಿಕೊಂಡಿರಬೇಕು.